ಗುಟ್ಟು ಒಪ್ಪಿಸುವ ಮುನ್ನ ಸಾಲದ ಲೆಕ್ಕ ಕೇಳಬೇಕೇ?

ಅಮೆರಿಕದಲ್ಲಿ ಸರ್ಕಾರದ ರಹಸ್ಯ ಕಡತವನ್ನು ಮುಟ್ಟಬೇಕಾದವರು ಸೈನಿಕರಾಗಿರಲಿ, ವಿದೇಶಾಂಗ ಇಲಾಖೆಯ ಗುಮಾಸ್ತರಾಗಿರಲಿ, ಖಾಸಗಿ ರಕ್ಷಣಾ ಕಂಪನಿಯ ಎಂಜಿನಿಯರ್ ಆಗಿರಲಿ, ಮೊದಲು ‘ಸೆಕ್ಯುರಿಟಿ ಕ್ಲಿಯರೆನ್ಸ್’ ಪಡೆಯಬೇಕು. ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಎಂಬ ಮೂರು ಹಂತಗಳಲ್ಲಿ ಸಿಗುವ ಈ ಅನುಮತಿ ಸುಮಾರು 40 ಲಕ್ಷ ಜನರ ಬಳಿ ಇದೆ. ಅದನ್ನು ಕೊಡುವುದಕ್ಕೂ ಕಿತ್ತುಕೊಳ್ಳುವುದಕ್ಕೂ 2017ರ ಜೂನ್‌ನಿಂದ ಜಾರಿಯಲ್ಲಿರುವ ‘ಸೀಡ್-4’ ನಿರ್ದೇಶನವು 13 ಮಾನದಂಡಗಳನ್ನು ಗೊತ್ತುಮಾಡಿದೆ. ದೇಶನಿಷ್ಠೆ, ವಿದೇಶಿ ನಂಟು, ಕುಡಿತ, ಅಪರಾಧ ಮೊದಲಾದವುಗಳ ನಡುವೆ ‘ಇ’ ಅಕ್ಷರದಡಿ ವೈಯಕ್ತಿಕ ನಡತೆ ಮತ್ತು ‘ಎಫ್’ ಅಕ್ಷರದಡಿ ಹಣಕಾಸಿನ ಸ್ಥಿತಿ ಬರುತ್ತವೆ. ಒಬ್ಬ ಮನುಷ್ಯನ ಸಾಲವನ್ನೂ ಖಾಸಗಿ ನಡತೆಯನ್ನೂ ತೂಗಿ, ಅವನು ದೇಶದ ಗುಟ್ಟನ್ನು ಕಾಯಬಲ್ಲನೋ ಇಲ್ಲವೋ ಎಂದು ಹೇಳುವುದು ಸರಿಯೇ ಎಂಬುದು ಇಲ್ಲಿನ ಪ್ರಶ್ನೆ. ಎರಡೂ ಕಡೆಯ ವಕಾಲತ್ತನ್ನು ನಾನೇ ವಹಿಸಿದ್ದೇನೆ. ಒಲವು ಎತ್ತ ಎಂಬುದನ್ನು ಬಚ್ಚಿಡುವ ಪ್ರಯತ್ನ ಮಾಡಿಲ್ಲ.

ಪರ: ಕೀಲಿ ಕೊಡುವವರು ಕೇಳಲೇಬೇಕು

1985ರ ಏಪ್ರಿಲ್‌ನಲ್ಲಿ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಗೆ ತಾನಾಗಿಯೇ ನಡೆದುಹೋಗಿ ಒಂದು ಲಕೋಟೆ ಕೊಟ್ಟ. ಅದಕ್ಕೆ ಅವನು ಕೇಳಿದ ಬೆಲೆ 50 ಸಾವಿರ ಡಾಲರ್. ಯಾವ ಸಿದ್ಧಾಂತವೂ ಅವನನ್ನು ಅತ್ತ ಎಳೆದಿರಲಿಲ್ಲ. ವಿಚ್ಛೇದನದ ಖರ್ಚು, ಹೊಸ ಸಂಸಾರದ ದುಂದು ಮತ್ತು ಏರುತ್ತಿದ್ದ ಸಾಲ ಸೇರಿ ಅವನನ್ನು ಆ ಬಾಗಿಲಿನವರೆಗೆ ತಂದಿದ್ದವು. ವರ್ಷಕ್ಕೆ 70 ಸಾವಿರ ಡಾಲರ್ ದಾಟದ ಸಂಬಳದ ಈ ಅಧಿಕಾರಿ 1989ರಲ್ಲಿ ಆರ್ಲಿಂಗ್ಟನ್‌ನಲ್ಲಿ 5 ಲಕ್ಷ 40 ಸಾವಿರ ಡಾಲರಿನ ಮನೆಯನ್ನು ಬ್ಯಾಂಕಿನ ಸಾಲವಿಲ್ಲದೆ ನಗದಿಗೇ ಕೊಂಡ; ಜಾಗ್ವಾರ್ ಕಾರಿನಲ್ಲಿ ಓಡಾಡಿದ. ಯಾರಾದರೂ ಹುಬ್ಬೇರಿಸಿದರೆ, ಕೊಲಂಬಿಯಾದಲ್ಲಿರುವ ಹೆಂಡತಿಯ ತವರಿನವರು ಅನುಕೂಲಸ್ಥರು ಎಂಬ ಉತ್ತರ ಸಿದ್ಧವಿತ್ತು. 1994ರ ಫೆಬ್ರುವರಿಯಲ್ಲಿ ಅವನು ಸಿಕ್ಕಿಬೀಳುವ ವೇಳೆಗೆ, ಅವನು ಮಾರಿದ ಹೆಸರುಗಳಿಂದಾಗಿ, ಅಮೆರಿಕಕ್ಕೆ ಗುಟ್ಟಾಗಿ ನೆರವಾಗುತ್ತಿದ್ದ ಕನಿಷ್ಠ ಹತ್ತು ಮಂದಿಯನ್ನು ಕೊಲ್ಲಲಾಗಿತ್ತು. ಸುಳ್ಳುಪತ್ತೆ ಪರೀಕ್ಷೆಯನ್ನು ಆತ 1986ರಲ್ಲೂ 1991ರಲ್ಲೂ ದಾಟಿದ್ದ. ಯಂತ್ರದ ಮುಳ್ಳು ತೋರಿಸದ ಸತ್ಯ ಬ್ಯಾಂಕಿನ ಲೆಕ್ಕದಲ್ಲಿ ಕಣ್ಣಿಗೆ ಹೊಡೆಯುವಂತೆ ಇತ್ತು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ಆದರೆ ಬೇಲಿಯ ಹೊಟ್ಟೆ ಯಾಕಿಷ್ಟು ಉಬ್ಬಿದೆ ಎಂದು ವಿಚಾರಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಈ ಪ್ರಕರಣದ ಬಿಸಿ ಆರುವ ಮೊದಲೇ, ಅದೇ ವರ್ಷ, ರಹಸ್ಯ ಮಾಹಿತಿ ನೋಡುವವರ ಹಣಕಾಸಿನ ದಾಖಲೆಗಳನ್ನು ತನಿಖೆಗಾರರು ತರಿಸಿಕೊಳ್ಳಲು ಅಮೆರಿಕದ ಸಂಸತ್ತು ಕಾನೂನು ಮಾಡಿತು. 1995ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ 12968ನೇ ಕಾರ್ಯಾದೇಶ ಅದನ್ನು ಆಡಳಿತದ ನಿತ್ಯದ ನಿಯಮವಾಗಿಸಿತು.

ಸಾಲಗಾರನು ತಾನೇ ಹೋಗಿ ಮಾರುವುದು ಒಂದು ಬಗೆಯಾದರೆ, ಅವನ ಸಾಲದ ಹಗ್ಗವನ್ನು ಇನ್ನೊಬ್ಬ ಹಿಡಿದು ಎಳೆಯುವುದು ಮತ್ತೊಂದು ಬಗೆ. ನೌಕಾದಳದ ಸಂಕೇತಲಿಪಿಯ ಕೀಲಿಪಟ್ಟಿಗಳನ್ನು 1960ರ ದಶಕದ ಕೊನೆಯಿಂದ ಸೋವಿಯತ್ತಿಗೆ ಮಾರುತ್ತಿದ್ದ ಜಾನ್ ವಾಕರ್ ಮೊದಲು ಆ ದಾರಿ ಹಿಡಿದದ್ದು ತಾನು ಹಾಕಿದ ಬಾರ್ ನಷ್ಟಕ್ಕೆ ಬಿದ್ದಾಗ. ಮುಂದೆ ಅವನಿಗೆ ಇನ್ನಷ್ಟು ಕೈಗಳು ಬೇಕಾದಾಗ ಕಣ್ಣು ಬಿದ್ದದ್ದು ಒಡಹುಟ್ಟಿದ ಅಣ್ಣ ಆರ್ಥರನ ಮೇಲೆ. ಆರ್ಥರನ ವ್ಯಾಪಾರ ಮುಳುಗಿತ್ತು, ಕೈ ಬರಿದಾಗಿತ್ತು. ರಕ್ಷಣಾ ಗುತ್ತಿಗೆ ಕಂಪನಿಯೊಂದರಲ್ಲಿ ಕೆಲಸ ಹಿಡಿದು ಕಾಗದಗಳನ್ನು ಹೊರಗೆ ತಾ ಎಂದು ತಮ್ಮನೇ ಹೇಳಿಕೊಟ್ಟ. 1985ರಲ್ಲಿ ಈ ಜಾಲ ಬಯಲಾದಾಗ ಅದರಲ್ಲಿ ಜಾನ್‌ನ ಮಗನೂ ಇದ್ದ, ಗೆಳೆಯನೂ ಇದ್ದ. ಸಾಲವಿದ್ದವರೆಲ್ಲ ದ್ರೋಹಿಗಳು ಎಂದು ಈ ಕಥೆ ಹೇಳುವುದಿಲ್ಲ. ಗುಟ್ಟು ಕೊಳ್ಳಲು ಹೊರಟವನು ಮೊದಲು ಹುಡುಕುವುದು ಯಾರು ಕಷ್ಟದಲ್ಲಿದ್ದಾರೆ ಎಂಬುದನ್ನು. ಅದನ್ನು ಹುಡುಕಲು ಎದುರಾಳಿಗೆ ಸಂಕೋಚವಿಲ್ಲದಿರುವಾಗ ಸ್ವಂತ ಸರ್ಕಾರ ಮಾತ್ರ ಕಣ್ಣು ಮುಚ್ಚಿಕೊಂಡು ಕೂರಬೇಕೆನ್ನುವುದು ಎಂಥ ನ್ಯಾಯ?

ಇದು ಅಮೆರಿಕಕ್ಕೇ ವಿಶೇಷವಾದ ಬುದ್ಧಿಯೂ ಅಲ್ಲ. ಊರ ದೇವಸ್ಥಾನದ ಹುಂಡಿಯ ಕೀಲಿಯನ್ನು ಯಾರ ಸೊಂಟಕ್ಕೆ ಸಿಕ್ಕಿಸಬೇಕು ಎಂದು ನಮ್ಮ ಹಿರಿಯರು ಕೂತು ಮಾತಾಡುವಾಗ, ಊರೆಲ್ಲ ಸಾಲ ಮಾಡಿ ಇಸ್ಪೀಟು ಆಡುವವನ ಹೆಸರನ್ನು ಯಾರೂ ಎತ್ತುವುದಿಲ್ಲ. ಅವನು ಕದ್ದಿದ್ದಾನೆ ಎಂಬ ಆರೋಪ ಅಲ್ಲಿ ಇರುವುದಿಲ್ಲ; ಕದಿಯುವ ಒತ್ತಡದಲ್ಲಿ ಇರುವವನನ್ನು ಆ ಜಾಗದಲ್ಲಿ ಕೂರಿಸುವುದು ಅವನಿಗೂ ಒಳ್ಳೆಯದಲ್ಲ, ಹುಂಡಿಗೂ ಒಳ್ಳೆಯದಲ್ಲ ಎಂಬ ಲೆಕ್ಕ ಮಾತ್ರ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚದವನು ಬೇರೆ ಕಟ್ಟುಪಾಡುಗಳನ್ನೂ ಹಾಗೆಯೇ ಮೀರಬಹುದು ಎಂಬ ಶಂಕೆಯೇ ‘ಎಫ್’ ಮಾನದಂಡದ ತಿರುಳು.

ಇನ್ನು, ಈ ಮಾನದಂಡವನ್ನು ಬೈಯುವವರು ಅದನ್ನು ಪೂರ್ತಿ ಓದಿರುವುದು ಅಪರೂಪ. ಎಸ್‌ಎಫ್-86 ಎಂಬ ನೂರಕ್ಕೂ ಹೆಚ್ಚು ಪುಟಗಳ ಅರ್ಜಿಯಲ್ಲಿ ಹಣಕಾಸಿನ ಭಾಗ ಕೇಳುವುದು ಬಹುಮಟ್ಟಿಗೆ ಕಳೆದ ಏಳು ವರ್ಷಗಳದ್ದನ್ನು: ದಿವಾಳಿ ಅರ್ಜಿ ಹಾಕಿದ್ದೀರಾ, ತೆರಿಗೆ ವಿವರ ಸಲ್ಲಿಸದೆ ಬಿಟ್ಟಿದ್ದೀರಾ, ಯಾವುದಾದರೂ ಸಾಲದ ಕಂತು 120 ದಿನ ಮೀರಿ ಬಾಕಿ ಉಳಿದಿತ್ತೇ, ಮಕ್ಕಳ ಜೀವನಾಂಶ ಕಟ್ಟದೆ ಇದ್ದೀರಾ. ಇವುಗಳಿಗೆ ಹೌದು ಎಂದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಕೆಲಸ ಹೋಯಿತು, ಮನೆಯಲ್ಲಿ ಕಾಯಿಲೆ ಬಂತು, ಸಾವು ಸಂಭವಿಸಿತು, ವಿಚ್ಛೇದನವಾಯಿತು, ಮೋಸದ ಸಾಲಕ್ಕೆ ಬಲಿಯಾದೆ ಎಂದರೆ ಅದಕ್ಕೆಲ್ಲ ನಿರ್ದೇಶನದಲ್ಲೇ ರಿಯಾಯಿತಿ ಇದೆ. ಅದು ನೋಡುವುದು ಸಾಲ ಬಂದ ಮೇಲೆ ಮನುಷ್ಯ ಹೇಗೆ ನಡೆದುಕೊಂಡ ಎಂಬುದನ್ನು: ಸಾಲಕೊಟ್ಟವರಿಗೆ ಮುಖ ತೋರಿಸಿದನೋ, ಕಂತು ಕಟ್ಟಲು ಒಪ್ಪಂದ ಮಾಡಿಕೊಂಡನೋ, ಇಲ್ಲ ಕಾಗದಗಳನ್ನು ಡ್ರಾಯರಿಗೆ ತುರುಕಿ ಸುಮ್ಮನಾದನೋ. ಯಾವುದೋ ಒಂದು ತಪ್ಪನ್ನು ಹಿಡಿದುಕೊಂಡು ಅರ್ಜಿ ತಳ್ಳಬಾರದು, ಇಡೀ ಮನುಷ್ಯನನ್ನು ನೋಡಿ ತೀರ್ಮಾನಿಸಬೇಕು ಎಂಬುದು ನಿರ್ದೇಶನದ ಮಾತು. ಎಷ್ಟು ಹಿಂದಿನದು, ಆಗ ವಯಸ್ಸೆಷ್ಟು, ಮತ್ತೆ ಮರುಕಳಿಸುವ ಸಂಭವವಿದೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ನಡತೆಯ ವಿಷಯದಲ್ಲಂತೂ ವಾದ ಇನ್ನೂ ಗಟ್ಟಿಯಾಗಿದೆ. ‘ಇ’ ಮಾನದಂಡದ ಕೇಂದ್ರದಲ್ಲಿ ಇರುವುದು ಸುಳ್ಳು. ಅರ್ಜಿಯಲ್ಲಿ ಬೇಕೆಂದೇ ಮುಚ್ಚಿಟ್ಟರೆ ಕ್ಲಿಯರೆನ್ಸ್ ಹೋಗುವುದು ಮಾತ್ರವಲ್ಲ, ಐದು ವರ್ಷದವರೆಗೆ ಸೆರೆವಾಸದ ಅಪರಾಧವೂ ಆದೀತು ಎಂದು ಅರ್ಜಿಯೇ ಎಚ್ಚರಿಸುತ್ತದೆ. ಹಾಗಿದ್ದೂ, ಮುಚ್ಚಿಟ್ಟವನು ಯಾರೂ ಹಿಡಿಯುವ ಮೊದಲು ತಾನೇ ಬಂದು ತಿದ್ದಿಕೊಂಡರೆ ಅದನ್ನು ಅವನ ಪರವಾಗಿ ಎಣಿಸುತ್ತಾರೆ. ಸರ್ಕಾರದ ಗುಟ್ಟನ್ನು ಕಾಯುತ್ತೇನೆಂದು ಬರುವವನು ಮೊದಲ ಕಾಗದದಲ್ಲೇ ಸರ್ಕಾರಕ್ಕೆ ಸುಳ್ಳು ಹೇಳಿದರೆ, ಮುಂದಿನ ಮಾತಿಗೆ ಆಧಾರ ಯಾವುದು? 2013ರ ಸೆಪ್ಟೆಂಬರ್ 16ರಂದು ವಾಷಿಂಗ್ಟನ್ನಿನ ನೌಕಾ ಪ್ರಾಂಗಣದಲ್ಲಿ 12 ಮಂದಿಯನ್ನು ಗುಂಡಿಟ್ಟು ಕೊಂದ ಆರನ್ ಅಲೆಕ್ಸಿಸ್ ಬಳಿ ಸೀಕ್ರೆಟ್ ಹಂತದ ಕ್ಲಿಯರೆನ್ಸ್ ಇತ್ತು. 2004ರಲ್ಲಿ ಸಿಯಾಟಲ್‌ನಲ್ಲಿ ಆತ ಒಬ್ಬರ ಕಾರಿನ ಟೈರುಗಳಿಗೆ ಗುಂಡು ಹೊಡೆದು ಬಂಧಿತನಾಗಿದ್ದನ್ನು ಅರ್ಜಿಯಲ್ಲಿ ತಿಳಿಸಿರಲಿಲ್ಲ. ತನಿಖೆಯ ವರದಿಯಲ್ಲಿ ಅದು ಟೈರುಗಳ ಗಾಳಿ ತೆಗೆದ ಘಟನೆಯಾಗಿ ಬಂತು, ಬಂದೂಕಿನ ಮಾತೇ ಇರಲಿಲ್ಲ. ನಡತೆಯ ತನಿಖೆ ಸಡಿಲವಾದರೆ ಬೆಲೆ ತೆರುವವರು ಯಾರು ಎಂಬುದು ಅಂದು ಗೊತ್ತಾಯಿತು. ಅದಾದ ಮೇಲೆ, ಐದು ಅಥವಾ ಹತ್ತು ವರ್ಷಕ್ಕೊಮ್ಮೆ ಕಡತ ತೆರೆದು ನೋಡುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಬಂಧನ, ಸಾಲ ಮೊದಲಾದ ದಾಖಲೆಗಳನ್ನು ಕಂಪ್ಯೂಟರ್ ಸದಾ ಜಾಲಾಡುವ ವ್ಯವಸ್ಥೆಯನ್ನು ಕಟ್ಟಿದರು. 2021ರ ಹೊತ್ತಿಗೆ ರಕ್ಷಣಾ ಇಲಾಖೆಯ ಕ್ಲಿಯರೆನ್ಸ್ ಇದ್ದವರೆಲ್ಲರೂ ಅದರೊಳಗೆ ಬಂದಿದ್ದರು.

ಕಡೆಯದಾಗಿ ಹಕ್ಕಿನ ಮಾತು. ಟ್ರೈಡೆಂಟ್ ಜಲಾಂತರ್ಗಾಮಿಗಳನ್ನು ದುರಸ್ತಿ ಮಾಡುವ ವಾಷಿಂಗ್ಟನ್ ರಾಜ್ಯದ ನೆಲೆಯೊಂದರಲ್ಲಿ ಕೂಲಿಯಾಗಿದ್ದ ಥಾಮಸ್ ಈಗನ್ ಎಂಬವರ ಪ್ರಕರಣದಲ್ಲಿ, ಹಳೆಯ ಶಿಕ್ಷೆಗಳು ಮತ್ತು ಕುಡಿತದ ಸಮಸ್ಯೆಯ ಕಾರಣಕ್ಕೆ ಕ್ಲಿಯರೆನ್ಸ್ ನಿರಾಕರಿಸಿದ್ದನ್ನು ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲಿ ಪರಿಶೀಲಿಸಿ, ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಎಂದಿತು. ಕೆಲಸ ಕಳೆದುಕೊಂಡದ್ದು ಶಿಕ್ಷೆಯಂತೆ ಕಂಡರೂ ಇದು ಅಪರಾಧ ನಿರ್ಣಯವಲ್ಲ, ಮುಂದೇನಾದೀತು ಎಂಬ ಅಂದಾಜು. ಅಂದಾಜಿನಲ್ಲಿ ಸಂದೇಹ ಉಳಿದರೆ ಅದರ ಲಾಭ ದೇಶಕ್ಕೆ ಸಲ್ಲಬೇಕೆಂದು ನಿಯಮ ಹೇಳುತ್ತದೆ. ನ್ಯಾಯಾಲಯದ ಕಟಕಟೆಯ ತಕ್ಕಡಿಯನ್ನು ಇಲ್ಲಿಗೆ ತಂದರೆ, ಏಮ್ಸ್‌ನಂಥವನು ಕೈಗೆ ಸಿಗುವವರೆಗೂ ಪ್ರಾಮಾಣಿಕನೇ.

ವಿರೋಧ: ಎಮ್ಮೆಗೆ ಜ್ವರ, ಎತ್ತಿಗೆ ಬರೆ

ಏಮ್ಸ್ ಕಥೆಯನ್ನೇ ಇನ್ನೊಮ್ಮೆ ಓದಿ ನೋಡೋಣ. ಒಂಬತ್ತು ವರ್ಷ ಅವನು ಗುಟ್ಟು ಮಾರುತ್ತಿದ್ದಾಗ ಅವನು ಸಾಲಗಾರನಾಗಿರಲಿಲ್ಲ, ಶ್ರೀಮಂತನಾಗಿದ್ದ. ಅವನ ಮೇಲೆ ಸಾಲ ವಸೂಲಿಯವರ ದೂರು ಇರಲಿಲ್ಲ. ಮನೆಯನ್ನು ನಗದಿಗೆ ಕೊಂಡವನಿಗೆ ಕಂತು ತಪ್ಪುವ ಪ್ರಶ್ನೆಯೇ ಬರುವುದಿಲ್ಲ. ಆ ಹಗರಣದ ಪಾಠ, ಆದಾಯಕ್ಕೆ ಹೊಂದದ ಸಂಪತ್ತನ್ನು ವಿಚಾರಿಸಿ ಎಂಬುದಾಗಿತ್ತು. ನಿರ್ದೇಶನದಲ್ಲಿ ಅದೂ ಇದೆ, ನಿಜ. ಆದರೆ ನಿತ್ಯದ ಆಡಳಿತಕ್ಕೆ ಸುಲಭವಾಗಿ ಸಿಕ್ಕುವುದು ಕ್ರೆಡಿಟ್ ವರದಿ, ಮತ್ತು ಕ್ರೆಡಿಟ್ ವರದಿ ತೋರಿಸುವುದು ಆಸ್ಪತ್ರೆಯ ಬಿಲ್ಲು ಕಟ್ಟಲಾಗದವರನ್ನು, ಶಿಕ್ಷಣ ಸಾಲದ ಕಂತು ತಪ್ಪಿದವರನ್ನು, ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡವರನ್ನು. ಏಮ್ಸ್‌ನ ಜ್ವರಕ್ಕೆ ಮೂರು ದಶಕಗಳಿಂದ ಇವರಿಗೆ ಬರೆ ಬೀಳುತ್ತಿದೆ. ಗುತ್ತಿಗೆ ಕಂಪನಿಗಳ ನೌಕರರ ಪ್ರಕರಣಗಳನ್ನು ಕೇಳುವ ರಕ್ಷಣಾ ಇಲಾಖೆಯ ವಿಚಾರಣಾ ಕಚೇರಿಯು ಹೆಸರು ಅಳಿಸಿ ಪ್ರಕಟಿಸುವ ತೀರ್ಪುಗಳನ್ನು ತಿರುವಿ ಹಾಕಿದರೆ, ಪುಟ ಪುಟಕ್ಕೂ ಎದುರಾಗುವುದು ‘ಎಫ್’ ಅಕ್ಷರವೇ.

ದೊಡ್ಡ ದ್ರೋಹಗಳ ಪಟ್ಟಿಯನ್ನೇ ಪರ ವಾದಿಗಳು ಮುಂದಿಟ್ಟಿರುವುದರಿಂದ ಅದರ ಉಳಿದ ಭಾಗವನ್ನೂ ನೋಡಬೇಕು. ರಕ್ಷಣಾ ಗುಪ್ತಚರ ಸಂಸ್ಥೆಯಲ್ಲಿ ಕೂತು ಹದಿನಾರು ವರ್ಷ ಕ್ಯೂಬಾಕ್ಕೆ ಗುಟ್ಟು ದಾಟಿಸಿದ ಅನಾ ಮೊಂಟೆಸ್ ಹಣಕ್ಕಾಗಿ ಅದನ್ನು ಮಾಡಲಿಲ್ಲ, ನಂಬಿಕೆಗಾಗಿ ಮಾಡಿದಳು; 2001ರಲ್ಲಿ ಬಂಧನವಾಗುವವರೆಗೂ ಮೇಲಧಿಕಾರಿಗಳಿಂದ ಪ್ರಶಂಸೆ ಪಡೆಯುತ್ತಿದ್ದಳು. ಎಫ್‌ಬಿಐನ ರಾಬರ್ಟ್ ಹ್ಯಾನ್ಸೆನ್ ಚರ್ಚಿಗೆ ತಪ್ಪದ ಸಂಸಾರಸ್ಥ. ಸೋವಿಯತ್ತಿಗೂ ಬಳಿಕ ರಷ್ಯಾಕ್ಕೂ ಗುಟ್ಟು ಮಾರಿ 14 ಲಕ್ಷ ಡಾಲರಿಗೂ ಹೆಚ್ಚು ಮೌಲ್ಯದ ನಗದು, ಬ್ಯಾಂಕ್ ಠೇವಣಿ ಮತ್ತು ವಜ್ರಗಳನ್ನು ಗಳಿಸಿದರೂ ಹೊರಗೆ ಸಾದಾ ಮನುಷ್ಯನಂತೆಯೇ ಬದುಕಿದ್ದ. ರಹಸ್ಯ ಕಡತಗಳನ್ನು ಬಯಲಿಗೆ ಹಾಕಿದವರು 2010ರಲ್ಲಿ ಚೆಲ್ಸೀ ಮ್ಯಾನಿಂಗ್, 2013ರಲ್ಲಿ ಎಡ್ವರ್ಡ್ ಸ್ನೋಡೆನ್, 2023ರಲ್ಲಿ ಜ್ಯಾಕ್ ಟೆಕ್ಸೇರಾ: ಈ ಮೂವರ ಉದ್ದೇಶಗಳು ಬೇರೆ ಬೇರೆ, ಮೂವರ ಬಗ್ಗೆ ಜನರ ಅಭಿಪ್ರಾಯವೂ ಬೇರೆ ಬೇರೆ, ಆದರೆ ಯಾರೊಬ್ಬರನ್ನೂ ಸಾಲ ತಳ್ಳಿರಲಿಲ್ಲ. ಹೊರದೇಶಗಳ ಸಂದೇಶಗಳಿಗೆ ಕಿವಿಯಿಡುವ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯ ರೊನಾಲ್ಡ್ ಪೆಲ್ಟನ್ ಪ್ರಕರಣವನ್ನು ಪರ ವಾದಿಗಳು ಸಾಮಾನ್ಯವಾಗಿ ಬಿಡುವುದಿಲ್ಲ, ಇಲ್ಲಿ ಯಾಕೋ ಬಿಟ್ಟಿದ್ದಾರೆ. 1979ರಲ್ಲಿ ದಿವಾಳಿಯೆದ್ದ ಆತ 1980ರ ಜನವರಿಯಲ್ಲಿ ಸೋವಿಯತ್ ರಾಯಭಾರ ಕಚೇರಿಗೆ ಹೋಗಿ, ಓಖೋಟ್ಸ್ಕ್ ಸಮುದ್ರದ ತಳದಲ್ಲಿ ಅಮೆರಿಕ ಸೋವಿಯತ್ ಕೇಬಲ್ಲಿಗೆ ಕಿವಿಯಿಟ್ಟ ಗುಟ್ಟನ್ನು ಸುಮಾರು 35 ಸಾವಿರ ಡಾಲರಿಗೆ ಹೇಳಿದ. ಸಾಲವೇ ಕಾರಣ, ಒಪ್ಪೋಣ. ಆದರೆ ಆ ವೇಳೆಗೆ ಅವನು ಕೆಲಸ ಬಿಟ್ಟು ತಿಂಗಳುಗಳಾಗಿದ್ದವು. ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ, ಮಾರಿದ್ದೆಲ್ಲ ನೆನಪಿನಿಂದ. ಸಾಲಗಾರನನ್ನು ಕೆಲಸದಿಂದ ತೆಗೆದರೆ ಅವನ ತಲೆಯೊಳಗಿನ ಗುಟ್ಟು ಖಾಲಿಯಾಗುವುದಿಲ್ಲ; ಸಂಬಳ ಮಾತ್ರ ನಿಲ್ಲುತ್ತದೆ.

ಇದೇ ಈ ವ್ಯವಸ್ಥೆಯ ಒಳಗಿನ ವಿಚಿತ್ರ. ಬಾಕಿ ತೀರಿಸದ ಕಾರಣಕ್ಕೆ ಕ್ಲಿಯರೆನ್ಸ್ ಹೋಗುತ್ತದೆ, ಕ್ಲಿಯರೆನ್ಸ್ ಇಲ್ಲದ್ದಕ್ಕೆ ಕೆಲಸ ಹೋಗುತ್ತದೆ, ಕೆಲಸ ಇಲ್ಲದ್ದಕ್ಕೆ ಬಾಕಿ ಬೆಳೆಯುತ್ತದೆ. ಗುತ್ತಿಗೆ ಕಂಪನಿಯ ನೌಕರನಿಗೆ ಕಾರಣಗಳ ಪಟ್ಟಿ ಕೈಸೇರಿದ ಮೇಲೆ ಉತ್ತರ ಕೊಡಲು ಇರುವುದು 20 ದಿನ. ಕ್ಲಿಯರೆನ್ಸಿಗೆ ತಾನು ಅರ್ಹ ಎಂದು ಮನವರಿಕೆ ಮಾಡುವ ಹೊಣೆ ಅವನದೇ. ವಕೀಲರ ಖರ್ಚೂ ಅವನದೇ, ಅಂದರೆ ಹಣವಿಲ್ಲ ಎಂಬ ಆರೋಪಕ್ಕೆ ಉತ್ತರ ಕೊಡಲು ಹಣ ಬೇಕು. ಇನ್ನು ಸಾಲದ ಮೂಲ ಯಾರು ಎಂದು ನೋಡಿದರೆ ಕೆಲವೊಮ್ಮೆ ಸರ್ಕಾರವೇ. 2018ರ ಡಿಸೆಂಬರ್ 22ರಿಂದ 35 ದಿನ ಬಜೆಟ್ ಜಗಳದಲ್ಲಿ ಕೇಂದ್ರ ಸರ್ಕಾರದ ಕಚೇರಿಗಳು ಮುಚ್ಚಿ ಸುಮಾರು 8 ಲಕ್ಷ ನೌಕರರ ಸಂಬಳ ತಡೆಹಿಡಿಯಲ್ಪಟ್ಟಿತು. 2025ರಲ್ಲಿ ಅದೇ ಆಟ 43 ದಿನ ನಡೆಯಿತು. ಮನೆಯ ಕಂತು, ಕಾರಿನ ಕಂತು ತಪ್ಪಿಸಿಕೊಳ್ಳುವಂತೆ ಮಾಡಿದ ಧಣಿಯೇ ಮರುವರ್ಷ ಬಂದು ‘ಕಂತು ಯಾಕೆ ತಪ್ಪಿತು, ನಿನ್ನ ವಿವೇಕದ ಮೇಲೆ ನನಗೆ ಅನುಮಾನ’ ಎನ್ನಬಲ್ಲ. ಇದಕ್ಕೆಲ್ಲ ರಿಯಾಯಿತಿ ಇದೆಯಲ್ಲ ಎಂಬ ಉತ್ತರ ಬರುತ್ತದೆ. ರಿಯಾಯಿತಿ ಸಿಗುವುದು ಕೇಳಿದ ಮೇಲೆ, ತಿಂಗಳುಗಟ್ಟಲೆ ಕಾದ ಮೇಲೆ, ಕಾಗದ ತೋರಿಸಿದ ಮೇಲೆ.

ಕಾಗದದ ಈ ಮಾತನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಅಲ್ಲಿ ನಮ್ಮವರಿಗೂ ಸಂಬಂಧವಿದೆ. ಕ್ಲಿಯರೆನ್ಸ್ ಸಿಗುವುದು ಅಮೆರಿಕದ ನಾಗರಿಕರಿಗೆ. ಮೈಸೂರಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ, ಕೆಲಸ ಮಾಡಿ, ನಾಗರಿಕನಾಗಿ, ಉತ್ತರ ವರ್ಜೀನಿಯಾದ ಗುತ್ತಿಗೆ ಕಂಪನಿಯಲ್ಲಿ ಕೂತಿರುವ ಎಂಜಿನಿಯರ್ ಒಬ್ಬನನ್ನು ಊಹಿಸಿಕೊಳ್ಳಿ. ತಂದೆಯ ಆಸ್ಪತ್ರೆಯ ಖರ್ಚಿಗೆ ಅವನು ಕ್ರೆಡಿಟ್ ಕಾರ್ಡುಗಳನ್ನು ಉಜ್ಜಿದ್ದಾನೆ. ಎರಡರಲ್ಲಿ ಬಾಕಿ 120 ದಿನ ದಾಟಿದೆ. ಕೈಯಲ್ಲಿದ್ದ ಉಳಿತಾಯವನ್ನು ಹಿಂದಿನ ವರ್ಷವೇ ಭಾವನ ಸೈಟಿಗೆ ಕೈಗಡವಾಗಿ ಕೊಟ್ಟಿದ್ದ. ಕೈಗಡಕ್ಕೆ ಯಾರು ಪತ್ರ ಬರೆಸಿಕೊಳ್ಳುತ್ತಾರೆ? ಬರೆಸಿಕೊಂಡರೆ ಅಕ್ಕನ ಮನೆಗೆ ಮತ್ತೆ ಊಟಕ್ಕೆ ಹೋಗುವುದು ಹೇಗೆ? ಬ್ಯಾಂಕಿನಲ್ಲಿ ಅಮ್ಮನ ಜೊತೆ ಜಂಟಿ ಹೆಸರಿನಲ್ಲಿ ಒಂದು ಫಿಕ್ಸೆಡ್ ಡಿಪಾಸಿಟ್ ಇದೆ. ಅದು ಅಮ್ಮನ ದುಡ್ಡು, ಅಪ್ಪನ ನಿವೃತ್ತಿಯ ಹಣ. ಇವನ ಹೆಸರು ಸೇರಿದ್ದು ಮುಂದೆ ತೊಂದರೆಯಾಗದಿರಲಿ ಎಂದು ಮಾತ್ರ. ಆದರೆ ಅಮೆರಿಕದ ಕಾನೂನಿನ ಪ್ರಕಾರ ಹೊರದೇಶದ ಖಾತೆಗಳಲ್ಲಿ ಎಲ್ಲ ಸೇರಿ ವರ್ಷದ ಯಾವುದಾದರೂ ಒಂದು ದಿನ 10 ಸಾವಿರ ಡಾಲರ್ ಮೀರಿದರೆ ಎಫ್‌ಬಾರ್ ಎಂಬ ವರದಿ ಸಲ್ಲಿಸಬೇಕು, ಜಂಟಿ ಖಾತೆಯೂ ಲೆಕ್ಕಕ್ಕೆ ಸೇರುತ್ತದೆ. ಅವನು ಸಲ್ಲಿಸಿಲ್ಲ, ಸಲ್ಲಿಸಬೇಕೆಂದು ಗೊತ್ತೂ ಇರಲಿಲ್ಲ. ಊರಿಗೆ ತಿಂಗಳಿಗಿಷ್ಟು ಎಂದು ಕಳಿಸುವ ಹಣವೂ, ವಿದೇಶಿಯರಿಗೆ ಆರ್ಥಿಕ ನೆರವು ಕೊಟ್ಟಿದ್ದೀರಾ ಎಂಬ ಅರ್ಜಿಯ ಬೇರೊಂದು ಪ್ರಶ್ನೆಯಡಿ ಬರುತ್ತದೆ. ಆ ಪ್ರಶ್ನೆಯಲ್ಲಿ ‘ವಿದೇಶಿ’ ಎಂದರೆ ಹೆತ್ತ ತಾಯಿ.

ಇವನು ಮಾಡಿದ ತಪ್ಪೇನು? ಮಗನಾಗಿ ನಡೆದುಕೊಂಡಿದ್ದಾನೆ, ತಮ್ಮನಾಗಿ ನಡೆದುಕೊಂಡಿದ್ದಾನೆ. ನಮ್ಮ ಊರಿನ ಕಣ್ಣಲ್ಲಿ ಅವನ ಯೋಗ್ಯತೆಗೆ ಸಾಕ್ಷಿಯಾಗುವ ಸಂಗತಿಗಳೇ ಅಲ್ಲಿನ ಅರ್ಜಿಯಲ್ಲಿ ಒಂದೊಂದಾಗಿ ಅವನ ವಿರುದ್ಧದ ಅಂಕಣಕ್ಕೆ ಜಾರುತ್ತವೆ. ಪರ ವಾದದ ಹುಂಡಿಯ ಕೀಲಿಯ ಹೋಲಿಕೆ ಮುರಿದುಬೀಳುವುದೂ ಇಲ್ಲೇ. ದೇವಸ್ಥಾನದ ಕಟ್ಟೆಯ ಮೇಲೆ ಕೂತವರಿಗೆ ಆ ಮನುಷ್ಯ ಗೊತ್ತಿರುತ್ತಾನೆ: ಇವನ ಸಾಲ ಇಸ್ಪೀಟಿನದಲ್ಲ, ಅಪ್ಪನ ಕಾಯಿಲೆಯದು ಎಂದು ಯಾರಾದರೊಬ್ಬರು ಹೇಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಸಾವಿರ ಮೈಲಿ ದೂರದ ಮೇಜಿನ ಮೇಲೆ ಕಡತ ತೆರೆಯುವ ನಿರ್ಣಯಾಧಿಕಾರಿಗೆ ಆ ಮನುಷ್ಯನ ಮುಖವೂ ಗೊತ್ತಿಲ್ಲ. ಇಡೀ ಮನುಷ್ಯನನ್ನು ನೋಡಿ ಎಂಬ ಸೂತ್ರ ಸುಂದರವಾಗಿದೆ. ಕಡತದೊಳಗೆ ಅಷ್ಟು ದೊಡ್ಡ ಮನುಷ್ಯ ಹಿಡಿಸುವುದಿಲ್ಲ.

ನಡತೆಯ ತಕ್ಕಡಿಯ ಚರಿತ್ರೆ ಇದಕ್ಕಿಂತ ಕರಾಳವಾದದ್ದು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ 10450ನೇ ಕಾರ್ಯಾದೇಶ ‘ಲೈಂಗಿಕ ವಿಕೃತಿ’ಯನ್ನು ಭದ್ರತೆಗೆ ಧಕ್ಕೆ ತರುವ ನಡತೆಗಳ ಪಟ್ಟಿಗೆ ಸೇರಿಸಿತು, ಮತ್ತು ಅದರ ಬಲದ ಮೇಲೆ ಸಾವಿರಾರು ಸಲಿಂಗಿಗಳನ್ನು ಸರ್ಕಾರಿ ಕೆಲಸದಿಂದ ಹೊರದಬ್ಬಲಾಯಿತು. ಖಗೋಳ ವಿಜ್ಞಾನಿ ಫ್ರ್ಯಾಂಕ್ ಕ್ಯಾಮೆನಿ ಸೇನೆಯ ನಕ್ಷೆ ವಿಭಾಗದಿಂದ 1957ರಲ್ಲಿ ವಜಾ ಆದವರು. ಸುಪ್ರೀಂ ಕೋರ್ಟ್‌ವರೆಗೆ ಹೋದರೂ 1961ರಲ್ಲಿ ಅದು ಅವರ ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಸರ್ಕಾರ ಕ್ಷಮೆ ಕೇಳಿದ್ದು 2009ರಲ್ಲಿ. ಆಗ ಕೊಟ್ಟ ಕಾರಣ ಇಂದು ಕೊಡುವ ಕಾರಣವೇ: ಇಂಥವರನ್ನು ಎದುರಾಳಿ ಹೆದರಿಸಿ ಗುಟ್ಟು ಹೊರಡಿಸಬಹುದು. ಅವರು ಹೆದರುತ್ತಿದ್ದದ್ದು ಯಾರಿಗೆ? ಗೊತ್ತಾದರೆ ಕೆಲಸದಿಂದ ತೆಗೆಯುವ ತಮ್ಮದೇ ಸರ್ಕಾರಕ್ಕೆ. ಬೆದರಿಕೆಗೆ ಬಲ ಕೊಟ್ಟದ್ದು ನಿಯಮ. ಆಮೇಲೆ ಆ ಬೆದರಿಕೆಯನ್ನೇ ನಿಯಮಕ್ಕೆ ಸಮರ್ಥನೆಯಾಗಿ ಬಳಸಿದರು. 1995ರ ಕಾರ್ಯಾದೇಶ ಲೈಂಗಿಕ ಒಲವಿನ ಆಧಾರದ ಮೇಲೆ ತಾರತಮ್ಯ ಕೂಡದೆಂದು ಬರೆದ ಮೇಲೆ ಆ ಬೆದರಿಕೆಯ ಬಲ ತಾನಾಗಿ ಕುಗ್ಗಿತು. 1954ರಲ್ಲಿ ಅಣುಬಾಂಬ್ ವಿಜ್ಞಾನಿ ರಾಬರ್ಟ್ ಓಪನ್‌ಹೈಮರ್ ಅವರ ಕ್ಲಿಯರೆನ್ಸನ್ನು, ಅದರ ಅವಧಿ ಮುಗಿಯಲು ಒಂದೇ ದಿನ ಇರುವಾಗ, ನಾಲ್ಕು ಮತ ಪರ, ಒಂದು ಮತ ವಿರೋಧವಾಗಿ ಕಿತ್ತುಕೊಂಡ ಅಣುಶಕ್ತಿ ಆಯೋಗವೂ ಮುಂದೊಡ್ಡಿದ್ದು ಅವರ ಸ್ವಭಾವದ ದೋಷವನ್ನೇ. ಆ ತೀರ್ಮಾನವನ್ನು ಇಂಧನ ಇಲಾಖೆ 2022ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು, ಅವರು ಸತ್ತು 55 ವರ್ಷಗಳಾದ ಮೇಲೆ. ‘ನಡತೆ’ ಎಂಬ ಪದದೊಳಗೆ ಆಯಾ ಕಾಲದ ಪೂರ್ವಗ್ರಹ ಎಷ್ಟು ಬೇಕಾದರೂ ಹಿಡಿಸುತ್ತದೆ.

ಆದ್ದರಿಂದ ಸುಳ್ಳನ್ನೂ ಕ್ಷಮಿಸಬೇಕೆಂದು ನಾನು ಹೇಳುವುದಿಲ್ಲ. ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಬರೆದವನನ್ನು ಹೊರಗಿಡುವುದು ಸರಿ. ಅಲೆಕ್ಸಿಸ್‌ನಂಥವನ ಕೈಯ ಬಂದೂಕನ್ನು ವರದಿಯಲ್ಲಿ ಬರೆಯದವರನ್ನು ಕೇಳುವುದು ಇನ್ನೂ ಸರಿ. ಆದರೆ ಸುಳ್ಳು ಹೇಳುವ ಪ್ರೇರಣೆಯನ್ನು ಯಾರು ಕೊಡುತ್ತಿದ್ದಾರೆ ಎಂದೂ ನೋಡಬೇಕು. ಯುದ್ಧದಿಂದ ಮರಳಿದ ಸೈನಿಕರು ಕ್ಲಿಯರೆನ್ಸ್ ಹೋದೀತೆಂಬ ಭಯಕ್ಕೆ ಮನೋವೈದ್ಯರ ಬಳಿ ಹೋಗುತ್ತಿಲ್ಲ ಎಂಬುದು ಅರಿವಾದಾಗ, 2008ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್, ಯುದ್ಧದಿಂದ ಬಂದ ಮಾನಸಿಕ ತೊಂದರೆಗೆ ಪಡೆದ ಸಲಹೆಯನ್ನು ಅರ್ಜಿಯಲ್ಲಿ ಬರೆಯಬೇಕಿಲ್ಲ ಎಂದು ಪ್ರಕಟಿಸಿದರು. ಪ್ರಶ್ನೆಯನ್ನು ಕೈಬಿಟ್ಟದ್ದರಿಂದ ಭದ್ರತೆ ಹೆಚ್ಚುತ್ತದೆ ಎಂದು ಸರ್ಕಾರವೇ ಒಪ್ಪಿಕೊಂಡ ಸಂದರ್ಭ ಅದು. ಸಾಲದ ವಿಷಯದಲ್ಲಿ ಈ ಧೈರ್ಯ ಯಾಕೆ ಬರಲಿಲ್ಲ? ಕಂತು ತಪ್ಪಿದ ನೌಕರ ಮೊದಲ ತಿಂಗಳಲ್ಲೇ ಮೇಲಧಿಕಾರಿಯ ಬಳಿ ಬಂದು ಹೇಳಿಕೊಂಡರೆ ಕೆಲಸಕ್ಕೆ ಕುತ್ತಿಲ್ಲ, ಬೇಕಾದರೆ ಸಂಬಳದ ಮೇಲೆ ಸುಲಭದ ಸಾಲವೂ ಸಿಗುತ್ತದೆ ಎಂಬ ಏರ್ಪಾಡು ಇದ್ದರೆ, ಆರ್ಥರ್ ವಾಕರ್‌ನಂಥವನ ಎದುರು ತಮ್ಮನ ಜೇಬಿನ ಹೊರತಾಗಿ ಇನ್ನೊಂದು ಬಾಗಿಲಾದರೂ ಇರುತ್ತಿತ್ತು. ಬಾಕಿ ಉಳಿದ ಬಿಲ್ಲನ್ನು ತೂಗುವುದನ್ನು ಬಿಟ್ಟು, ವಿವರಣೆಯಿಲ್ಲದ ಸಂಪತ್ತನ್ನೂ ಬೇಕೆಂದೇ ಹೇಳಿದ ಸುಳ್ಳನ್ನೂ ಮಾತ್ರ ತೂಗಿದರೆ ತಕ್ಕಡಿ ಹಗುರವಾಗುತ್ತದೆ, ಗುರಿಯೂ ತಪ್ಪುವುದಿಲ್ಲ.

ಪರ ವಾದ ಮುಟ್ಟದೆ ಬಿಟ್ಟ ಒಂದು ವಿಷಯ ಉಳಿದಿದೆ. ಲಕ್ಷಾಂತರ ಜನ ತಮ್ಮ ಸಾಲ, ಕುಡಿತ, ಮುರಿದ ಮದುವೆ, ಹೊರದೇಶದ ನಂಟರು, ಎಲ್ಲವನ್ನೂ ನಂಬಿ ಬರೆದುಕೊಟ್ಟ ಕಾಗದಗಳು ಎಲ್ಲಿದ್ದವು? ಸರ್ಕಾರದ ಸಿಬ್ಬಂದಿ ನಿರ್ವಹಣಾ ಕಚೇರಿಯ ಕಂಪ್ಯೂಟರುಗಳಲ್ಲಿ. ಅಲ್ಲಿಂದ 2 ಕೋಟಿ 15 ಲಕ್ಷ ಜನರ ಹಿನ್ನೆಲೆ ತನಿಖೆಯ ವಿವರಗಳು, 56 ಲಕ್ಷ ಜನರ ಬೆರಳಚ್ಚುಗಳ ಸಮೇತ, ಕಳುವಾದದ್ದು 2015ರಲ್ಲಿ ಬಹಿರಂಗವಾಯಿತು. ಅಮೆರಿಕದ ಅಧಿಕಾರಿಗಳ ಬೆರಳು ಚೀನಾದ ಕಡೆಗೆ ತಿರುಗಿತು. ಯಾರಿಗೆ ಎಷ್ಟು ಸಾಲ, ಯಾರ ಸಂಸಾರದಲ್ಲಿ ಏನು ಬಿರುಕು ಎಂದು ಒಬ್ಬೊಬ್ಬರ ಹಿಂದೆ ಅಲೆದು ತಿಳಿಯಬೇಕಾಗಿದ್ದ ಎದುರಾಳಿಗೆ ಒಂದೇ ಕಡೆ ಕೂಡಿಸಿ ಪಟ್ಟಿ ಮಾಡಿದ ಕಣಜ ಸಿಕ್ಕಿತು. ಬಾಕಿ ಉಳಿಸಿಕೊಂಡ ಕಂತುಗಳನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದವರ ಮನೆಗಳಿಗೆ ಆಮೇಲೆ ಸರ್ಕಾರದಿಂದ ಪತ್ರ ಬಂತು: ನಿಮ್ಮ ಮಾಹಿತಿ ಕಳುವಾಗಿದೆ, ಇನ್ನು ಮುಂದೆ ನಿಮ್ಮ ಕ್ರೆಡಿಟ್ ಖಾತೆಯ ಮೇಲೆ ಯಾರಾದರೂ ಕೈಯಾಡಿಸುತ್ತಾರೋ ಎಂದು ನಮ್ಮ ಖರ್ಚಿನಲ್ಲೇ ಕಣ್ಣಿಡುವ ಏರ್ಪಾಡು ಮಾಡಿದ್ದೇವೆ.